ಒಂದು ಮಿಲಿಮೀಟರ್, ನಾಲ್ಕು ವರ್ಷ: ಕಾವೊರು ಮಿಟೊಮಾ ಕಥೆ

2022ರ ಡಿಸೆಂಬರ್ ಮೊದಲ ವಾರ. ನಾನಾಗ ಫಸ್ಟ್ ಪಿಯುಸಿ. ಬೆಳಿಗ್ಗೆ ಕೆಮಿಸ್ಟ್ರಿ ಟೆಸ್ಟ್. ಮಧ್ಯರಾತ್ರಿ ಹನ್ನೆರಡೂವರೆಗೆ ಹಾಲ್‌ನ ಲೈಟ್ ಆರಿಸಿ, ಟಿವಿ ಮ್ಯೂಟ್ ಮಾಡಿ, ಅಮ್ಮ ಏಳಬಾರದು ಅಂತ ದೇವರನ್ನ ಬೇಡಿಕೊಂಡು ಕೂತಿದ್ದೆ. ಕತಾರ್ ವಿಶ್ವಕಪ್, ಜಪಾನ್ ವಿರುದ್ಧ ಸ್ಪೇನ್. ಹಾಫ್ ಟೈಮ್‌ಗೆ ಸ್ಪೇನ್ 1-0 ಮುಂದೆ. ಎಲ್ಲರೂ ಅಂದುಕೊಂಡ ಹಾಗೇ ನಡೀತಾ ಇತ್ತು.

ಸೆಕೆಂಡ್ ಹಾಫ್ ಶುರುವಾಗಿ ಮೂರು ನಿಮಿಷಕ್ಕೆ ಜಪಾನ್‌ನ ರಿಟ್ಸು ಡೋವಾನ್ ಗೋಲ್ ಹೊಡೆದ. 1-1. ಇನ್ನೂ ಮೂರು ನಿಮಿಷ ಕಳೀತು. ಅದೇ ಡೋವಾನ್ ಬಲಗಡೆಯಿಂದ ಗೋಲ್ ಮುಂದೆ ಅಡ್ಡಲಾಗಿ ಚೆಂಡು ಹಾಯಿಸಿದ. ಚೆಂಡು ಎಲ್ಲರನ್ನೂ ದಾಟಿ ಆ ಕಡೆಗೆ ಹೊರಗೆ ಹೋಗ್ತಾ ಇತ್ತು. ಎಲ್ಲಿಂದಲೋ ಒಬ್ಬ ಜಾರಿಕೊಂಡು ಬಂದು, ಎಡಗಾಲು ಚಾಚಿ, ಗೆರೆಯ ಮೇಲಿಂದ ಅದನ್ನ ವಾಪಸ್ ಎಳೆದ. ಮಧ್ಯದಲ್ಲಿದ್ದ ಆವೊ ಟನಾಕ ಅದನ್ನ ಒಳಗೆ ತಳ್ಳಿದ. ರೆಫ್ರಿ ಮೊದಲು ಗೋಲ್ ಕೊಡಲಿಲ್ಲ, ಚೆಂಡು ಹೊರಗೆ ಹೋಗಿತ್ತು ಅಂತ. ಆಮೇಲೆ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಕೊಡೋ ಟೀಮ್, ಪರಿಶೀಲನೆ ಮಾಡಿತು. ಟಿವಿಯಲ್ಲಿ ನೋಡಿದ್ರೆ ಚೆಂಡಿಗೂ ಗೆರೆಗೂ ಮಧ್ಯೆ ಹಸಿರು ಹುಲ್ಲು ಕಾಣ್ತಾ ಇತ್ತು. ಆದ್ರೂ ಗೋಲ್ ಅಂತ ತೀರ್ಪು ಬಂತು. ಜಪಾನ್ 2-1ರಲ್ಲಿ ಗೆದ್ದಿತು, ಗುಂಪಿನಲ್ಲಿ ಮೊದಲ ಸ್ಥಾನ ಪಡೀತು, ನಾಲ್ಕು ಸಲದ ಚಾಂಪಿಯನ್ ಜರ್ಮನಿ ಮನೆಗೆ ಹೋಯ್ತು.

ಕೆಮಿಸ್ಟ್ರಿ ಟೆಸ್ಟ್ ಏನಾಯ್ತು ಅಂತ ಕೇಳಬೇಡಿ.

ಆ ಕಾಲು ಚಾಚಿದವನ ಹೆಸರು ಕಾವೊರು ಮಿಟೊಮಾ. ಇವನ ಬಗ್ಗೆ ನಮ್ಮ ಕಾಲೇಜ್ ಮ್ಯಾಗಜೀನ್‌ನಲ್ಲಿ ಯಾಕೆ ಬರೀತಿದೀನಿ? ಇವನು ನಮ್ಮ ವಯಸ್ಸಿನಲ್ಲಿ ಪ್ರೊಫೆಷನಲ್ ಕಾಂಟ್ರಾಕ್ಟ್ ಬೇಡ ಅಂದು ಡಿಗ್ರಿಗೆ ಸೇರಿದವನು. ಡಿಗ್ರಿ ಕೊನೆಯಲ್ಲಿ ಪ್ರಾಜೆಕ್ಟ್ ಮಾಡಬೇಕಲ್ಲ, ಅದಕ್ಕೆ ಇವನು ಆರಿಸಿಕೊಂಡ ವಿಷಯ ಡ್ರಿಬ್ಲಿಂಗ್. "ಡಿಗ್ರಿ ಅಂದ್ರೆ ನಾಲ್ಕು ವರ್ಷ ಲೈಫ್‌ನ ಪಾಸ್ ಬಟನ್ ಒತ್ತಿಟ್ಟ ಹಾಗೆ" ಅಂತ ನನ್ನ ರೂಮ್‌ಮೇಟ್ ದಿನಾ ಹೇಳ್ತಾನೆ. ಅವನಿಗೆ ಉತ್ತರ ಕೊಡೋಕೆ ಹೋಗಿ ಈ ಲೇಖನ ಹುಟ್ಟಿತು.

ಮೊದಲು ಆ ಗೆರೆಯ ಲೆಕ್ಕ

ಫುಟ್‌ಬಾಲ್ ನೋಡದವರೂ ಇದನ್ನ ಓದ್ತಾ ಇರಬಹುದು. ಹಾಗಾಗಿ ಆ ಗೋಲ್ ಯಾಕೆ ಸರಿ ಅನ್ನೋದರಿಂದ ಶುರು ಮಾಡ್ತೀನಿ. ಇದು ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸ್‌ನ ಪ್ರೊಜೆಕ್ಷನ್ ಪ್ರಾಬ್ಲಮ್ ಅಷ್ಟೇ.

ನಿಯಮ ಹೇಳೋದು ಇಷ್ಟು: ಚೆಂಡು ಹೊರಗೆ ಹೋಯ್ತು ಅನ್ನಬೇಕಾದರೆ ಇಡೀ ಚೆಂಡು ಇಡೀ ಗೆರೆಯನ್ನ ದಾಟಿರಬೇಕು, ನೆಲದ ಮೇಲಾದರೂ ಸರಿ, ಗಾಳಿಯಲ್ಲಾದರೂ ಸರಿ. ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್. ಅಂದರೆ ವ್ಯಾಸ ಸುಮಾರು 22, ತ್ರಿಜ್ಯ 11 ಸೆಂಟಿಮೀಟರ್. ಚೆಂಡು ನೆಲವನ್ನ ಮುಟ್ಟೋದು ತನ್ನ ಕೆಳಗಿನ ಒಂದು ಚಿಕ್ಕ ಜಾಗದಲ್ಲಿ ಮಾತ್ರ. ಆ ಜಾಗ ಗೆರೆಯ ಹೊರ ಅಂಚಿನಿಂದ 10 ಸೆಂಟಿಮೀಟರ್ ಆಚೆ ಇದ್ದರೂ ಚೆಂಡಿನ ಹೊಟ್ಟೆ ಇನ್ನೂ ಗೆರೆಯ ಮೇಲೇ ಇರುತ್ತೆ. ಮೇಲಿಂದ ನೋಡಿದ್ರೆ, ಅಂದರೆ ಟಾಪ್ ವ್ಯೂನಲ್ಲಿ, ಎರಡೂ ಒಂದರ ಮೇಲೊಂದು ಬೀಳ್ತವೆ. ಪಕ್ಕದಿಂದ ಓರೆಯಾಗಿ ನೋಡಿದ್ರೆ ಮಧ್ಯೆ ಹುಲ್ಲು ಕಾಣುತ್ತೆ. ನಾವು ಟಿವಿಯಲ್ಲಿ ನೋಡಿದ್ದು ಈ ಓರೆ ನೋಟ. ಸ್ಕೇಲ್‌ನಲ್ಲಿ ರೀಡಿಂಗ್ ತಗೊಳ್ಳುವಾಗ ಕಣ್ಣು ನೇರವಾಗಿ ಇಡು ಅಂತ ಲ್ಯಾಬ್‌ನಲ್ಲಿ ಬೈಸಿಕೊಂಡಿದ್ದು ನೆನಪಿದೆಯಲ್ಲ, ಅದೇ ಪ್ಯಾರಲಾಕ್ಸ್ ಎರರ್.

ಮೇಲಿನಿಂದ ತೆಗೆದ ಫೋಟೊ ಬಂದ ಮೇಲೆ ಎಲ್ಲರಿಗೂ ಸ್ಪಷ್ಟವಾಯ್ತು. ಚೆಂಡಿನ ಅಂಚು ಗೆರೆಯ ಅಂಚಿನ ಮೇಲೆ ಕೂದಲೆಳೆಯಷ್ಟು ಕೂತಿತ್ತು. ಜಪಾನಿನಲ್ಲಿ ಆ ಕ್ಷಣಕ್ಕೆ ಒಂದು ಹೆಸರೇ ಬಂತು: 'ಮಿಟೊಮಾ ನೊ ಇಚಿ ಮಿರಿ', ಅಂದರೆ ಮಿಟೊಮಾನ ಒಂದು ಮಿಲಿಮೀಟರ್.

ಆ ಒಂದು ಮಿಲಿಮೀಟರ್‌ಗೆ ಅದೃಷ್ಟ ಅಂತ ಹೆಸರಿಟ್ಟು ಮುಂದೆ ಹೋಗಬಹುದು. ಆದ್ರೆ ಆ ಚೆಂಡು ಹೊರಗೆ ಹೋಗುತ್ತೆ ಅಂತ ಬೇರೆಯವರು ಬಿಟ್ಟಾಗ ಅವನು ಓಡ್ತಾನೇ ಇದ್ದ. ಹಾಗೆ ಓಡೋ ಅಭ್ಯಾಸ ಎಲ್ಲಿಂದ ಬಂತು ಅಂತ ನೋಡೋಕೆ ಸ್ವಲ್ಪ ಹಿಂದೆ ಹೋಗಬೇಕು.

ಒಂದೇ ಏರಿಯಾದ ಹುಡುಗರು

ಮಿಟೊಮಾ ಹುಟ್ಟಿದ್ದು 1997ರ ಮೇ 20ರಂದು. ಬೆಳೆದಿದ್ದು ಟೋಕಿಯೊ ಪಕ್ಕದ ಕವಾಸಾಕಿ ನಗರದಲ್ಲಿ, ಸಗಿನುಮ ಅನ್ನೋ ಏರಿಯಾದಲ್ಲಿ. ಅಲ್ಲಿನ ಮಕ್ಕಳ ಕ್ಲಬ್ ಸಗಿನುಮ ಎಸ್‌ಸಿಯಲ್ಲಿ ಆಟ ಶುರು. ಆಮೇಲೆ ಊರಿನ ದೊಡ್ಡ ಕ್ಲಬ್ ಕವಾಸಾಕಿ ಫ್ರೊಂಟಾಲೆಯ ಅಕಾಡೆಮಿಗೆ ಸೇರಿ, ಅಂಡರ್-18 ಟೀಮ್‌ವರೆಗೂ ಅಲ್ಲೇ ಬೆಳೆದ.

ಸ್ಪೇನ್ ವಿರುದ್ಧ ಗೋಲ್ ಹೊಡೆದ ಆವೊ ಟನಾಕನೂ ಇದೇ ಏರಿಯಾದವನು. ಅದೇ ಪ್ರೈಮರಿ ಸ್ಕೂಲ್, ಅದೇ ಮಕ್ಕಳ ಕ್ಲಬ್, ಅದೇ ಅಕಾಡೆಮಿ. ಆ ಮ್ಯಾಚ್‌ನ ಗೋಲ್‌ಕೀಪರ್ ಶುಯಿಚಿ ಗೊಂಡ ಕೂಡ ಚಿಕ್ಕವನಿದ್ದಾಗ ಸಗಿನುಮ ಎಸ್‌ಸಿಯಲ್ಲೇ ಆಡಿದವನು.

ಹದಿನೆಂಟಕ್ಕೆ ಬಂದಾಗ ಇಬ್ಬರು ಗೆಳೆಯರ ದಾರಿ ಬೇರೆ ಆಯ್ತು. ಟನಾಕ ಕ್ಲಬ್‌ನ ಸೀನಿಯರ್ ಟೀಮ್‌ಗೆ ಸೇರಿ 2017ರಲ್ಲಿ ನೇರವಾಗಿ ಪ್ರೊಫೆಷನಲ್ ಆದ. ಅವನಿಗಿಂತ ಒಂದು ವರ್ಷ ಮುಂದಿದ್ದ ಮಿಟೊಮಾಗೂ ಅದೇ ಅವಕಾಶ ಬಂದಿತ್ತು. ಅವನು ಬೇಡ ಅಂದ. ಈಗಲೇ ಸೀನಿಯರ್ ಟೀಮ್‌ಗೆ ಹೋದರೆ ಆಡಿ ಉಳಿಯೋಕೆ ತನ್ನ ದೇಹ ಇನ್ನೂ ರೆಡಿ ಇಲ್ಲ ಅನ್ನೋದು ಅವನ ಲೆಕ್ಕ.

ಇದನ್ನ ನಮ್ಮ ಕಡೆಗೆ ಹೋಲಿಸಿ ನೋಡಿ. ದೊಡ್ಡ ಕಂಪನಿಯವರು ಸೆಕೆಂಡ್ ಪಿಯುಸಿ ಮುಗಿದ ಕೂಡಲೇ ಆಫರ್ ಲೆಟರ್ ಹಿಡ್ಕೊಂಡು ಮನೆಗೆ ಬಂದ್ರೆ, "ಸಾರ್, ನಾನಿನ್ನೂ ರೆಡಿ ಇಲ್ಲ, ಓದಿ ಬರ್ತೀನಿ" ಅನ್ನೋರು ನಮ್ಮಲ್ಲಿ ಎಷ್ಟು ಜನ? ನಾನಂತೂ ಅನ್ನಲ್ಲ.

ಜಪಾನಿನಲ್ಲಿ ಈ ದಾರಿ ತೀರಾ ಅಪರೂಪದ್ದಲ್ಲ ಅನ್ನೋದೂ ಹೇಳಬೇಕು. ಅಲ್ಲಿ ಯೂನಿವರ್ಸಿಟಿ ಫುಟ್‌ಬಾಲ್ ಅಂದ್ರೆ ಇಂಟರ್-ಕಾಲೇಜ್ ಟೂರ್ನಮೆಂಟ್‌ಗೆ ಅಂತ ವರ್ಷಕ್ಕೊಮ್ಮೆ ಜರ್ಸಿ ಹೊಲಿಸೋ ಥರ ಅಲ್ಲ. ವರ್ಷಪೂರ್ತಿ ನಡೆಯೋ ಲೀಗ್‌ಗಳಿವೆ. ಇಟಲಿಯ ಇಂಟರ್ ಮಿಲಾನ್‌ಗೆ ಆಡಿದ ಯುಟೊ ನಗಟೊಮೊ ಮೆಯಿಜಿ ಯೂನಿವರ್ಸಿಟಿಯಿಂದ ಬಂದವನು. ಕವಾಸಾಕಿ ಬಿಟ್ಟು ಬೇರೆಲ್ಲೂ ಪ್ರೊಫೆಷನಲ್ ಆಗಿ ಆಡದ ಮಿಡ್‌ಫೀಲ್ಡರ್ ಕೆಂಗೊ ನಕಮುರ ಚುವೊ ಯೂನಿವರ್ಸಿಟಿಯವನು. ಹದಿನೆಂಟಕ್ಕೆ ಆಗದಿದ್ದರೆ ಇಪ್ಪತ್ತೆರಡಕ್ಕೆ ಒಳಗೆ ಬರೋಕೆ ಅಲ್ಲಿ ಇನ್ನೊಂದು ಬಾಗಿಲು ತೆರೆದೇ ಇರುತ್ತೆ.

ಮಿಟೊಮಾ ಸೇರಿದ್ದು ತ್ಸುಕುಬಾ ಯೂನಿವರ್ಸಿಟಿಗೆ. ಟೋಕಿಯೊದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರೋ, ಸಂಶೋಧನಾ ಸಂಸ್ಥೆಗಳಿಂದಲೇ ಹೆಸರಾದ ಊರು ಅದು. ಓದಿದ್ದು ದೈಹಿಕ ಶಿಕ್ಷಣ. 2017ರಲ್ಲಿ, ಎಂಪರರ್ಸ್ ಕಪ್ ಅನ್ನೋ ಟೂರ್ನಿಯಲ್ಲಿ ತ್ಸುಕುಬಾದ ಹುಡುಗರು ಟಾಪ್ ಡಿವಿಷನ್ ಕ್ಲಬ್ ವೆಗಾಲ್ಟ ಸೆಂಡಾಯಿಯನ್ನ 3-2ರಲ್ಲಿ ಸೋಲಿಸಿದರು. ಅದರಲ್ಲಿ ಎರಡು ಗೋಲ್ ಮಿಟೊಮಾದ್ದು. ಆಗ ಅವನಿಗೆ ಇಪ್ಪತ್ತು. ಅಂದರೆ ಅವನು ಆಟ ಬಿಟ್ಟು ಓದೋಕೆ ಹೋಗಿರಲಿಲ್ಲ.

ತಲೆ ಮೇಲೆ ಕ್ಯಾಮೆರಾ

ಈಗ ನನಗೆ ತುಂಬಾ ಇಷ್ಟದ ಭಾಗ. ಮಿಟೊಮಾ ಮೈದಾನದಲ್ಲಿ ಹೆಚ್ಚಾಗಿ ಇರೋದು ಎಡ ಅಂಚಿನಲ್ಲಿ. ದಾಖಲೆಗಳಲ್ಲಿ ಮಿಡ್‌ಫೀಲ್ಡರ್ ಅಂತಿದ್ರೂ ಅವನ ಮುಖ್ಯ ಕೆಲಸ ವಿಂಗರ್‌ದು: ಎದುರಿಗಿರೋ ಡಿಫೆಂಡರ್‌ನ ಒಬ್ಬನೇ ಎದುರಿಸಿ ದಾಟಿ ಹೋಗೋದು. ಚೆಂಡು ಕಾಲಲ್ಲೇ ಇಟ್ಟುಕೊಂಡು ಹೀಗೆ ದಾಟೋದಕ್ಕೇ ಡ್ರಿಬ್ಲಿಂಗ್ ಅನ್ನೋದು. ಚಿಕ್ಕಂದಿನಿಂದ ಅವನಿಗೆ ಇದು ಚೆನ್ನಾಗಿ ಬರ್ತಿತ್ತು. ಆದ್ರೆ ಯಾಕೆ ಬರುತ್ತೆ? ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ, ವ್ಯತ್ಯಾಸ ಎಲ್ಲಿದೆ? ಇದೇ ಅವನ ಪದವಿ ಪ್ರಬಂಧದ ಪ್ರಶ್ನೆ ಆಯ್ತು.

ಅವನು ಮಾಡಿದ ಕೆಲಸ ಕೇಳೋಕೆ ಸರಳ. ಟೀಮ್‌ನವರ ತಲೆಗೆ ಚಿಕ್ಕ ಕ್ಯಾಮೆರಾ ಕಟ್ಟಿ ಆಡಿಸಿದ. ಚೆಂಡು ಬರುವಾಗ, ಎದುರಾಳಿ ಹತ್ತಿರ ಬರುವಾಗ ಅವರು ಎಲ್ಲಿ ನೋಡ್ತಾರೆ ಅಂತ ರೆಕಾರ್ಡ್ ಮಾಡಿದ. ಡ್ರಿಬ್ಲಿಂಗ್ ಚೆನ್ನಾಗಿ ಮಾಡೋರನ್ನೂ ಅಷ್ಟು ಚೆನ್ನಾಗಿ ಮಾಡದವರನ್ನೂ ಹೋಲಿಸಿದ. ಅವನಿಗೆ ಕಂಡಿದ್ದೇನು ಅಂದ್ರೆ, ಒಳ್ಳೆ ಡ್ರಿಬ್ಲರ್‌ಗಳು ಚೆಂಡನ್ನ ಅಷ್ಟಾಗಿ ನೋಡೋದೇ ಇಲ್ಲ. ಅವರ ಕಣ್ಣು ಮುಂದಿರುತ್ತೆ, ಎದುರಾಳಿಯ ಮೇಲೆ ಇರುತ್ತೆ. ಎರಡನೇ ವಿಷಯ: ದಾಟಿ ಹೋಗೋದು ಅಂದ್ರೆ ಬರೀ ಸ್ಪೀಡ್ ಅಲ್ಲ, ಎದುರಾಳಿಯ ದೇಹದ ತೂಕ ಒಂದು ಕಡೆಗೆ ವಾಲೋ ಹಾಗೆ ಮಾಡಿ ಇನ್ನೊಂದು ಕಡೆಯಿಂದ ಹೋಗೋದು.

ಇದನ್ನ ಫಸ್ಟ್ ಸೆಮ್ ಮೆಕ್ಯಾನಿಕ್ಸ್‌ನಲ್ಲಿ ಹೇಳಬಹುದು. ನಿಂತಿರೋ ಮನುಷ್ಯ ಬೀಳದೇ ಇರಬೇಕಾದ್ರೆ ಅವನ ಗುರುತ್ವಕೇಂದ್ರದಿಂದ ಕೆಳಗೆ ಎಳೆದ ಗೆರೆ ಎರಡು ಪಾದಗಳ ನಡುವಿನ ಜಾಗದಲ್ಲೇ ಬೀಳಬೇಕು. ಡಿಫೆಂಡರ್ ಎಡಕ್ಕೆ ಹೆಜ್ಜೆ ಹಾಕೋಕೆ ಹೊರಟಾಗ ಅವನ ತೂಕ ಒಂದೇ ಕಾಲಿನ ಮೇಲೆ ಬರುತ್ತೆ. ಆ ಕ್ಷಣದಲ್ಲಿ ಬಲಕ್ಕೆ ತಿರುಗಬೇಕು ಅಂದ್ರೆ ಮೊದಲು ಆ ಕಾಲು ನೆಲ ಮುಟ್ಟಬೇಕು, ಎಡಗಡೆಗಿನ ವೇಗ ನಿಲ್ಲಬೇಕು, ಆಮೇಲೆ ತಳ್ಳಬೇಕು. ಇದಕ್ಕೆ ಮುಂಚೆ ಕಣ್ಣಿಗೆ ಕಂಡಿದ್ದಕ್ಕೆ ಮೈ ಪ್ರತಿಕ್ರಿಯಿಸೋಕೇ ಸುಮಾರು 0.2 ಸೆಕೆಂಡ್ ಬೇಕು. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡೋನು ಅಷ್ಟರಲ್ಲಿ 1.6 ಮೀಟರ್ ಹೋಗಿರ್ತಾನೆ. ಡಿಫೆಂಡರ್ ಕಾಲು ಚಾಚಿದ್ರೂ ಸಿಗಲ್ಲ.

ಕಬಡ್ಡಿ ನೋಡಿದವರಿಗೆ ಇದು ಹೊಸದಲ್ಲ. ಒಳ್ಳೆ ರೈಡರ್ ಕೈಯನ್ನ ಒಂದು ಕಡೆಗೆ ಬೀಸಿ, ಕಾರ್ನರ್‌ನಲ್ಲಿರೋನು ಅತ್ತ ವಾಲಿದ ಕೂಡಲೇ ಇತ್ತ ಕಾಲು ಚಾಚ್ತಾನೆ. ರೈಡರ್ ನೋಡೋದು ಗೆರೆಯನ್ನಲ್ಲ, ಎದುರಿನವನ ಮೊಣಕಾಲನ್ನ. ಮಿಟೊಮಾ ಚೆಂಡು ಇಟ್ಟುಕೊಂಡು ಅದನ್ನೇ ಮಾಡ್ತಾನೆ.

ಈ ಪ್ರಬಂಧದಿಂದ ಅವನು ಡ್ರಿಬ್ಲಿಂಗ್ ಕಲಿತ ಅಂತ ನಾನು ಹೇಳ್ತಿಲ್ಲ. ಅದು ಮೊದಲೇ ಬರ್ತಿತ್ತು. ಆದ್ರೆ ಬರೋದನ್ನ ಬಿಡಿಸಿ ನೋಡೋದು ಬೇರೆ. ಅಜ್ಜಿ ಕಣ್ಣಳತೆಯಲ್ಲಿ ಉಪ್ಪು ಹಾಕ್ತಾರೆ, ಸಾರು ಯಾವತ್ತೂ ಕೆಡಲ್ಲ. ಒಂದು ದಿನ ಕೆಟ್ಟರೆ ಯಾಕೆ ಕೆಟ್ಟಿತು ಅಂತ ಅಜ್ಜಿಗೂ ಹೇಳೋಕಾಗಲ್ಲ. ಅಳತೆ ಗೊತ್ತಿದ್ದೋನು ಎಲ್ಲಿ ತಪ್ಪಾಯ್ತು ಅಂತ ಹುಡುಕಬಹುದು. ಊರು ಬಿಟ್ಟು, ಲೀಗ್ ಬದಲಾಗಿ, ಎದುರಾಳಿ ಇನ್ನೂ ಬಲಶಾಲಿ ಆದಾಗ ಹುಡುಕೋ ಅಭ್ಯಾಸ ಇದ್ದೋನಿಗೆ ಅದೇ ಆಧಾರ.

ತಡವಾಗಿ ಬಂದವನ ಓಟ

2020. ಡಿಗ್ರಿ ಮುಗಿಸಿ, ಆವತ್ತು ಬೇಡ ಅಂದಿದ್ದ ಅದೇ ಕವಾಸಾಕಿ ಫ್ರೊಂಟಾಲೆಗೆ ಸೇರಿದ. ಮೊದಲ ಸೀಸನ್‌ನಲ್ಲೇ 30 ಲೀಗ್ ಮ್ಯಾಚ್‌ಗಳಲ್ಲಿ 13 ಗೋಲ್. ಕವಾಸಾಕಿ ಆ ವರ್ಷ 83 ಪಾಯಿಂಟ್, 88 ಗೋಲ್‌ಗಳೊಂದಿಗೆ ಲೀಗ್ ಗೆದ್ದಿತು, ಅದೂ ನಾಲ್ಕು ಮ್ಯಾಚ್ ಬಾಕಿ ಇರುವಾಗಲೇ. ವರ್ಷದ ಬೆಸ್ಟ್ ಇಲೆವೆನ್‌ನಲ್ಲಿ ಮಿಟೊಮಾ ಹೆಸರೂ ಇತ್ತು. 2021ರ ಜನವರಿ 1ರಂದು ನಡೆದ ಎಂಪರರ್ಸ್ ಕಪ್ ಫೈನಲ್‌ನಲ್ಲಿ ಗಾಂಬ ಒಸಾಕಾ ವಿರುದ್ಧ ಕವಾಸಾಕಿ 1-0ರಲ್ಲಿ ಗೆದ್ದಿತು. ಆ ಒಂದು ಗೋಲ್ ಇವನದೇ.

2021ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಅವನನ್ನ ಕೊಂಡುಕೊಂಡಿತು. ಆದ್ರೆ ಆಡೋಕೆ ಆಗಲಿಲ್ಲ. ಕಾರಣ ಕಾಲಲ್ಲ, ಕಾಗದ. ಬ್ರಿಟನ್ ಯುರೋಪಿಯನ್ ಯೂನಿಯನ್‌ನಿಂದ ಹೊರಬಂದ ಮೇಲೆ ವಿದೇಶಿ ಆಟಗಾರರಿಗೆ ವರ್ಕ್ ಪರ್ಮಿಟ್ ಸಿಗೋಕೆ ಪಾಯಿಂಟ್ ಲೆಕ್ಕ ಬಂದಿತ್ತು: ನಿಮ್ಮ ದೇಶದ ತಂಡಕ್ಕೆ ಎಷ್ಟು ಆಡಿದ್ದೀರಿ, ಯಾವ ಮಟ್ಟದ ಲೀಗ್‌ನಿಂದ ಬಂದಿದ್ದೀರಿ, ಹೀಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಗ ತಾನೇ ಆಡಿ, ಕಂಚಿನ ಪದಕದ ಮ್ಯಾಚ್‌ನಲ್ಲಿ ಮೆಕ್ಸಿಕೊ ವಿರುದ್ಧ ಒಂದು ಗೋಲ್ ಹೊಡೆದಿದ್ದ ನಿಜ, ಆದ್ರೆ ಜಪಾನ್ ಅಲ್ಲಿ 3-1ರಲ್ಲಿ ಸೋತಿತ್ತು. ಸೀನಿಯರ್ ರಾಷ್ಟ್ರೀಯ ತಂಡಕ್ಕಂತೂ ಅವನು ಇನ್ನೂ ಒಂದು ಮ್ಯಾಚ್ ಕೂಡ ಆಡಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಆಗಿತ್ತು. ಹದಿನೆಂಟಕ್ಕೇ ಶುರು ಮಾಡಿದ್ದರೆ ಅಷ್ಟು ಹೊತ್ತಿಗೆ ಪಾಯಿಂಟ್ ಇರ್ತಿತ್ತೇನೋ. ನಾಲ್ಕು ವರ್ಷ ಓದಿದ್ದಕ್ಕೆ ಬಿದ್ದ ದಂಡ ಇದು ಅಂತ ಯಾರಾದ್ರೂ ಹೇಳಿದ್ರೆ ಅದನ್ನ ಅಲ್ಲಗಳೆಯೋದು ಕಷ್ಟ.

ಹಾಗಾಗಿ ಒಂದು ವರ್ಷ ಬೆಲ್ಜಿಯಂಗೆ ಲೋನ್. ಬ್ರಸೆಲ್ಸ್‌ನ ಯೂನಿಯನ್ ಸೇಂಟ್-ಜಿಲ್ವಾಸ್ ಅನ್ನೋ ಹಳೇ ಕ್ಲಬ್, 48 ವರ್ಷಗಳ ನಂತರ ಟಾಪ್ ಡಿವಿಷನ್‌ಗೆ ಆಗಷ್ಟೇ ವಾಪಸ್ ಬಂದಿತ್ತು. ಅಕ್ಟೋಬರ್‌ನಲ್ಲಿ ಸೆರಾಂಗ್ ವಿರುದ್ಧ ಮ್ಯಾಚ್. ಹಾಫ್ ಟೈಮ್‌ಗೆ ಯೂನಿಯನ್ 0-2 ಹಿಂದೆ, ಜೊತೆಗೆ ಒಬ್ಬನಿಗೆ ರೆಡ್ ಕಾರ್ಡ್, ಉಳಿದಿದ್ದು ಹತ್ತೇ ಜನ. ಮಿಟೊಮಾನ ಆಗ ಮೈದಾನಕ್ಕೆ ಇಳಿಸಿದರು. ಮೂರು ಗೋಲ್ ಹೊಡೆದ. ಟೀಮ್ 4-2ರಲ್ಲಿ ಗೆದ್ದಿತು. ಆ ಸೀಸನ್ ಕೊನೆಗೆ ಯೂನಿಯನ್ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು.

ನವೆಂಬರ್‌ನಲ್ಲಿ ಒಮಾನ್ ವಿರುದ್ಧ ಜಪಾನ್ ಸೀನಿಯರ್ ತಂಡಕ್ಕೆ ಮೊದಲ ಮ್ಯಾಚ್. ಸಬ್‌ಸ್ಟಿಟ್ಯೂಟ್ ಆಗಿ ಬಂದು ಗೆಲುವಿನ ಗೋಲ್‌ಗೆ ಪಾಸ್ ಕೊಟ್ಟ. 2022ರ ಮಾರ್ಚ್ 24, ಸಿಡ್ನಿ. ಆಸ್ಟ್ರೇಲಿಯಾ ವಿರುದ್ಧ ಗೆದ್ದರೆ ವಿಶ್ವಕಪ್ ಟಿಕೆಟ್. ಸ್ಕೋರ್ 0-0, ಇವನು ಒಳಗೆ ಬಂದಿದ್ದು 84ನೇ ನಿಮಿಷಕ್ಕೆ. ಕೊನೆ ನಿಮಿಷಗಳಲ್ಲಿ ಎರಡು ಗೋಲ್. ಜಪಾನ್ ಕತಾರ್‌ಗೆ.

ಆಮೇಲೆ ನಾನು ಮ್ಯೂಟ್‌ನಲ್ಲಿ ನೋಡಿದ ಆ ರಾತ್ರಿ. ಒಂದೇ ಪ್ರೈಮರಿ ಸ್ಕೂಲಿನ ಇಬ್ಬರಲ್ಲಿ ಒಬ್ಬ ಹದಿನೆಂಟಕ್ಕೆ ಹೂಂ ಅಂದವನು, ಇನ್ನೊಬ್ಬ ಊಹೂಂ ಅಂದವನು. ಊಹೂಂ ಅಂದವನು ಗೆರೆಯಿಂದ ಎಳೆದ, ಹೂಂ ಅಂದವನು ಒಳಗೆ ತಳ್ಳಿದ. ಓದೋಕೆ ಹೋದವನೇ ಸರಿ, ಹೋಗದವನು ತಪ್ಪು ಅಂತ ಹೇಳೋಕೆ ಈ ಗೋಲ್ ಬಿಡಲ್ಲ. ನನಗೆ ಇದರಲ್ಲಿ ಇಷ್ಟ ಆಗೋದೇ ಅದು.

ನಾಲ್ಕು ದಿನ ಆದ ಮೇಲೆ

ಕಥೆ ಇಲ್ಲಿಗೇ ನಿಲ್ಲಿಸಿದ್ರೆ ಮೋಟಿವೇಷನಲ್ ರೀಲ್ ಆಗುತ್ತೆ. ಆದ್ರೆ ಡಿಸೆಂಬರ್ 5 ಅಂತ ಒಂದು ದಿನ ಇದೆ.

ಪ್ರೀ-ಕ್ವಾರ್ಟರ್ ಫೈನಲ್, ಕ್ರೊಯೇಷಿಯಾ ವಿರುದ್ಧ. ಎಕ್ಸ್‌ಟ್ರಾ ಟೈಮ್ ಮುಗಿದ್ರೂ 1-1. ಪೆನಾಲ್ಟಿ ಶೂಟೌಟ್. ಯಾರು ಹೊಡೀಬೇಕು ಅಂತ ಕೋಚ್ ಹಾಜಿಮೆ ಮೊರಿಯಾಸು ಪಟ್ಟಿ ಓದಲಿಲ್ಲ, ಆಟಗಾರರೇ ಮುಂದೆ ಬರಬೇಕಿತ್ತು. ಮೊದಲು ಮಿನಾಮಿನೊ ಹೊಡೆದ, ಕೀಪರ್ ತಡೆದ. ಎರಡನೆಯವನು ಮಿಟೊಮಾ. ಕೀಪರ್ ಲಿವಕೊವಿಚ್ ಅದನ್ನೂ ತಡೆದ. ಆಮೇಲೆ ಕ್ಯಾಪ್ಟನ್ ಯೊಶಿದಾದ್ದನ್ನೂ. ಜಪಾನ್ 3-1ರಲ್ಲಿ ಸೋತಿತು. ಜಪಾನ್ ಅಲ್ಲಿವರೆಗೆ ವಿಶ್ವಕಪ್ ಕ್ವಾರ್ಟರ್ ಫೈನಲ್ ಒಂದು ಸಲವೂ ಕಂಡಿರಲಿಲ್ಲ, ಆವತ್ತೂ ಕಾಣಲಿಲ್ಲ. ಮ್ಯಾಚ್ ಆದ ಮೇಲೆ ಕ್ಯಾಮೆರಾ ಮುಂದೆ ಮಾತಾಡೋಕೆ ನಿಂತ ಮಿಟೊಮಾಗೆ ಅಳು ತಡೆಯೋಕೆ ಆಗಲಿಲ್ಲ.

ಒಂದು ಮಿಲಿಮೀಟರ್ ಉಳಿಸಿದ ಅದೇ ಕಾಲುಗಳ ಮನುಷ್ಯ, ಹನ್ನೊಂದು ಮೀಟರ್ ದೂರದಿಂದ, ಎದುರಿಗೆ ಡಿಫೆಂಡರೇ ಇಲ್ಲದೆ, ತಪ್ಪಿಸಿಕೊಂಡ. ಯಾವ ಪ್ರಬಂಧವೂ ಅಲ್ಲಿ ಸಹಾಯಕ್ಕೆ ಬರಲಿಲ್ಲ. ಅಳೆದು ಕಲಿತೋನು ಸೋಲೋದೇ ಇಲ್ಲ ಅನ್ನೋ ಮಾತು ಸುಳ್ಳು.

ಮುಂದೇನಾಯ್ತು ಅಂದ್ರೆ, ಎರಡು ತಿಂಗಳೂ ಆಗಿರಲಿಲ್ಲ. 2023ರ ಜನವರಿ 29, ಎಫ್ಎ ಕಪ್, ಬ್ರೈಟನ್ ವಿರುದ್ಧ ಲಿವರ್‌ಪೂಲ್. ಸ್ಕೋರ್ 1-1, ಇಂಜುರಿ ಟೈಮ್. ಗೋಲ್ ಮುಂದೆ ಚೆಂಡು ಮಿಟೊಮಾ ಹತ್ತಿರ ಬಂತು. ಹೊಡೀತಾನೆ ಅನ್ನೋ ಥರ ಕಾಲು ಎತ್ತಿದ. ಡಿಫೆಂಡರ್ ಜೋ ಗೊಮೆಜ್ ತಡೆಯೋಕೆ ಮೈ ಎಸೆದ. ಮಿಟೊಮಾ ಹೊಡೀಲಿಲ್ಲ. ಚೆಂಡನ್ನ ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿಕೊಂಡು, ಗೊಮೆಜ್ ಅತ್ತ ಹೋದ ಮೇಲೆ, ಪಾದದ ಹೊರ ಅಂಚಿನಿಂದ ಒಳಗೆ ಕಳಿಸಿದ. ಯೂಟ್ಯೂಬ್‌ನಲ್ಲಿ ನಿಧಾನ ಮಾಡಿ ನೋಡಿ. ಗೊಮೆಜ್‌ನ ತೂಕ ಯಾವ ಕ್ಷಣಕ್ಕೆ ವಾಲಿತು ಅಂತ ಫ್ರೇಮ್ ಎಣಿಸಬಹುದು. ತ್ಸುಕುಬಾದ ಪ್ರಬಂಧಕ್ಕೆ ಡೆಮೊ ಕೇಳಿದ್ರೆ ನಾನು ಇದನ್ನೇ ತೋರಿಸ್ತೀನಿ.

ಆ ಸೀಸನ್ ಬ್ರೈಟನ್ ಪ್ರೀಮಿಯರ್ ಲೀಗ್‌ನಲ್ಲಿ ಆರನೇ ಸ್ಥಾನಕ್ಕೆ ಬಂದು, ಕ್ಲಬ್ ಇತಿಹಾಸದಲ್ಲೇ ಮೊದಲ ಸಲ ಯುರೋಪಿನ ಟೂರ್ನಿಗೆ ಹೋಯ್ತು. ಮಿಟೊಮಾ 7 ಲೀಗ್ ಗೋಲ್ ಹೊಡೆದಿದ್ದ. ಮುಂದಿನ ವರ್ಷ ಬೆನ್ನಿನ ಗಾಯ, 2024ರ ಫೆಬ್ರವರಿಯಲ್ಲೇ ಅವನ ಸೀಸನ್ ಮುಗೀತು. ವಾಪಸ್ ಬಂದು 2024-25ರಲ್ಲಿ 10 ಲೀಗ್ ಗೋಲ್. ಅದರಲ್ಲೊಂದು, 2025ರ ಫೆಬ್ರವರಿ 14ರಂದು ಚೆಲ್ಸಿ ವಿರುದ್ಧ: ಸ್ವಂತ ಗೋಲ್‌ಕೀಪರ್ ದೂರದಿಂದ ಒದ್ದ ಚೆಂಡನ್ನ ಭುಜದ ಮೇಲಿಂದ ಹಿಂದಕ್ಕೆ ನೋಡ್ತಾ ಓಡಿ, ಬೆರಳ ತುದಿಯಲ್ಲಿ ಹೂವು ಹಿಡಿದ ಹಾಗೆ ಕಾಲಲ್ಲಿ ಹಿಡಿದು, ಒಳಗೆ ತಿರುಗಿ ಹೊಡೆದ ಗೋಲ್. ಪದದಲ್ಲಿ ಹೇಳಿದ್ರೆ ಏನೂ ಅನ್ಸಲ್ಲ, ದಯವಿಟ್ಟು ನೋಡಿ.

ನಮ್ಮ ಸಿನಾಪ್ಸಿಸ್

ಈಗ ರೂಮ್‌ಮೇಟ್‌ಗೆ ಉತ್ತರ.

ಮಿಟೊಮಾ ಓದಿದ್ದಕ್ಕೇ ದೊಡ್ಡವನಾದ, ಹಾಗಾಗಿ ಎಲ್ಲರೂ ಓದಿ, ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ಕಾಲೇಜಿನಲ್ಲಿ ಮೊಣಕಾಲು ಮುರ್ಕೊಂಡು ಆಟವೇ ಮುಗಿದವರೂ ಇರ್ತಾರೆ, ಅವರ ಬಗ್ಗೆ ಯಾರೂ ಲೇಖನ ಬರೆಯಲ್ಲ. ಟನಾಕನ ದಾರಿಯೂ ಸರಿಯಾದ ದಾರಿಯೇ. ನನಗೆ ಕಂಡಿದ್ದು ಚಿಕ್ಕ ವಿಷಯ. ಮಿಟೊಮಾಗೆ ಆ ನಾಲ್ಕು ವರ್ಷ ಪಾಸ್ ಬಟನ್ ಆಗಲಿಲ್ಲ, ಯಾಕಂದ್ರೆ ಅವನು ತನ್ನದೇ ಪ್ರಶ್ನೆಯನ್ನ ಕ್ಲಾಸ್‌ರೂಮ್ ಒಳಗೆ ತಗೊಂಡು ಹೋದ. ಹೊರಗೆ ಆಡ್ತಿದ್ದ ಆಟ, ಒಳಗೆ ಓದ್ತಿದ್ದ ಪಾಠ ಎರಡೂ ಒಂದೇ ಮೇಜಿನ ಮೇಲಿದ್ದವು.

ನಮ್ಮ ಬ್ಯಾಚ್ ಏನು ಮಾಡಿದೆ ಗೊತ್ತಾ? ಈ ಸೆಮ್ ಮಿನಿ ಪ್ರಾಜೆಕ್ಟ್ ಸಿನಾಪ್ಸಿಸ್ ಕೊಡಬೇಕು. ನಮ್ಮ ನಾಲ್ಕು ಜನರ ಗುಂಪು ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಸ್ಮಾರ್ಟ್ ಡಸ್ಟ್‌ಬಿನ್ ಎತ್ತಿಕೊಂಡಿತ್ತು. ಅದಕ್ಕೆ ಮೂರು ವರ್ಷದ ಇತಿಹಾಸ ಇದೆ. ಮುಚ್ಚಳ ತೆರೆಯುತ್ತೆ, ಮಾರ್ಕ್ಸ್ ಬರುತ್ತೆ, ಕಸ ಮಾತ್ರ ಯಾರೂ ಹಾಕಲ್ಲ. ಅದರಲ್ಲಿ ನಮಗೆ ಗೊತ್ತಿಲ್ಲದ್ದು ಏನೂ ಇಲ್ಲ, ತಿಳ್ಕೊಬೇಕು ಅನ್ನಿಸಿದ್ದೂ ಏನೂ ಇಲ್ಲ. ನಾನೂ ಸುಮ್ಮನೆ ಸೈನ್ ಹಾಕಿದ್ದೆ. ಪಿಯುಸಿಯಲ್ಲಿ ಫುಟ್‌ಬಾಲ್ ಬಿಟ್ಟಾಗಲೂ ಹೀಗೇ, ಯಾರೂ ಬಲವಂತ ಮಾಡಿರಲಿಲ್ಲ. ಎರಡೂ ಒಟ್ಟಿಗೆ ಆಗಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಈ ಲೇಖನ ಬರೆಯೋ ಹೊತ್ತಿಗೆ ಒಂದು ಹಳೇ ಜಗಳ ನೆನಪಾಯ್ತು. ನಮ್ಮ ಹಾಸ್ಟೆಲ್ ಟೀಮ್‌ನ ಗೋಲ್‌ಕೀಪರ್ ಬಲಕ್ಕೆ ಚೆನ್ನಾಗಿ ಹಾರ್ತಾನೆ, ಎಡಕ್ಕೆ ಯಾವಾಗಲೂ ಲೇಟ್. ಅವನು ಕಣ್ಣಿಗೆ ಕಾಣಲ್ಲ ಅಂತಾನೆ, ನಾವು ಸೋಮಾರಿ ಅಂತೀವಿ. ಅವನು ಲೇಟಾಗಿ ನೋಡ್ತಾನಾ, ಅಥವಾ ನೋಡಿ ಲೇಟಾಗಿ ತಳ್ತಾನಾ? ಫೋನ್‌ನ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ತೆಗೆಯುತ್ತೆ, ಅಂದರೆ ಒಂದು ಫ್ರೇಮ್‌ಗೆ ಸುಮಾರು 4 ಮಿಲಿಸೆಕೆಂಡ್. ಚೆಂಡಿಗೆ ಕಾಲು ತಗುಲಿದ ಫ್ರೇಮ್, ಅವನ ಮೊಣಕಾಲು ಮೊದಲು ಬಗ್ಗಿದ ಫ್ರೇಮ್, ಪಾದ ನೆಲ ಬಿಟ್ಟ ಫ್ರೇಮ್. ಎರಡೂ ಕಡೆಗೆ ಐವತ್ತೈವತ್ತು ಸಲ ಹೊಡೆದು ಎಣಿಸಿದ್ರೆ ಉತ್ತರ ಸಿಗಬೇಕು.

ಗುಂಪಿನವರಿಗೆ ಹೇಳಿದೆ. ಇಬ್ಬರು ಒಪ್ಪಿದ್ರು, ಒಬ್ಬ ಇನ್ನೂ ಡಸ್ಟ್‌ಬಿನ್ ಕಡೆಗೇ ವಾಲಿದ್ದಾನೆ. ಸೋಮವಾರ ಗೈಡ್ ಮುಂದೆ ಹೋಗ್ತೀವಿ. ಒಪ್ಪದಿದ್ರೂ ಭಾನುವಾರ ಬೆಳಿಗ್ಗೆ ಗ್ರೌಂಡ್‌ನಲ್ಲಿ ಎಣಿಸ್ತೀವಿ. ಚೆಂಡು ಹೆಕ್ಕಿಕೊಡೋಕೆ ಜನ ಬೇಕು, ಬಿಡುವಿದ್ದೋರು ಏಳು ಗಂಟೆಗೆ ಬನ್ನಿ.